ಮಕ್ಕಳ ಹೊತ್ತಿಗೂ ಒಂದು ಪರಿಮಾಣ

ಹೊರನಾಡಿನ ನಗರಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ಸೂರ್ಯಾಸ್ತಕ್ಕೆ ಮುನ್ನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ರೂಢಿ ಸಡಿಲಗೊಳ್ಳುತ್ತಿದೆ. ಇದಕ್ಕೆ ಹಿರಿಯರ ಕಚೇರಿಯ ವೇಳೆಯನ್ನು ದೂರುವುದು ವಾಡಿಕೆ. ಮಕ್ಕಳ ಸಂಜೆಯನ್ನು ನೋಡಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ಸೋಮವಾರ ಅಬ್ಯಾಕಸ್, ಮಂಗಳವಾರ ಈಜು, ಬುಧವಾರ ಭರತನಾಟ್ಯ, ಗುರುವಾರ ಚೆಸ್, ಶುಕ್ರವಾರ ಕೋಡಿಂಗ್, ಶನಿವಾರ ಕೀಬೋರ್ಡ್, ಭಾನುವಾರ ಪಾಠಶಾಲೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಮನೆಯ ಮಗು ಡಬ್ಬಿಯ ಊಟವನ್ನು ರಿಕ್ಷಾದಲ್ಲಿಯೇ ಮುಗಿಸುತ್ತದೆ. ನಿಯಮವೇನೋ ಉಳಿಯಿತು, ಆ ನಿಯಮ ಕೂಡಿಸುತ್ತಿದ್ದ ಕುಟುಂಬ ಚದುರಿತು.

ಪಠ್ಯೇತರ ಚಟುವಟಿಕೆಗಳು ಬೇಡವೆಂದು ಯಾರೂ ಹೇಳಲಾರರು. ಅಂಗಳವಿಲ್ಲದ ಫ್ಲ್ಯಾಟುಗಳಲ್ಲಿ ಬೆಳೆಯುವ ಮಕ್ಕಳಿಗೆ ಆಟದ ತರಗತಿಯೇ ಎಷ್ಟೋ ಸಲ ಏಕೈಕ ಬಯಲು. ಸಂಗೀತ, ಚಿತ್ರಕಲೆಗಳು ಮನಸ್ಸನ್ನು ಹದಗೊಳಿಸುತ್ತವೆ. ಪ್ರಶ್ನೆ ಇರುವುದು ಎಣಿಕೆಯಲ್ಲಿ.

ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಅಗತ್ಯವೆಂದು ತಿಳಿಸಿತು. ಹತ್ತು ವರ್ಷದ ಮಗುವಿನ ದಿನದಲ್ಲಿ ನಿದ್ರೆಗೆ 9, ಶಾಲೆ ಮತ್ತು ಪ್ರಯಾಣಕ್ಕೆ 8, ಸ್ನಾನ ಊಟಗಳಿಗೆ 2, ಮನೆಪಾಠಕ್ಕೆ 2 ಗಂಟೆ ಕಳೆದರೆ ಉಳಿಯುವುದು 3 ಗಂಟೆ. ಮಹಾನಗರದ ರಸ್ತೆಯಲ್ಲಿ ಒಂದು ಗಂಟೆಯ ತರಗತಿ ಎರಡು ಗಂಟೆ ನುಂಗುತ್ತದೆ. ಮಿಕ್ಕ ಒಂದು ಗಂಟೆಯಲ್ಲಿಯೇ ಅಜ್ಜಿಯೊಡನೆ ಕನ್ನಡದ ಮಾತು, ಒಡಹುಟ್ಟಿದವರೊಡನೆ ಜಗಳ, ಸುಮ್ಮನೆ ಕುಳಿತಿರುವ ಸುಖ, ಎಲ್ಲವೂ ನಡೆಯಬೇಕು. ಶ್ರಾವಕನ ಸಾಮಾಯಿಕಕ್ಕೆ ಹಿರಿಯರು ಗೊತ್ತುಮಾಡಿದ 48 ನಿಮಿಷಗಳೂ ಅಲ್ಲಿಯೇ ಸಿಗಬೇಕು. ಎರಡನೆಯ ತರಗತಿ ಸೇರಿದ ದಿನ ಕದಿಯಲಾಗುವುದು ನಿದ್ರೆಯನ್ನೇ.

ಸರ್ಕಾರಕ್ಕೂ ಈ ಕೊರತೆ ಕಂಡಿದೆ. ಮಕ್ಕಳಿಗೆ ನಿದ್ರೆ ಸಾಲದೆಂಬ ಕಾರಣದಿಂದ ಮಹಾರಾಷ್ಟ್ರ ಸರ್ಕಾರವು 2024ರಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮುನ್ನ ಆರಂಭವಾಗಬಾರದೆಂದು ಆದೇಶಿಸಿತು. ಆದರೆ ಆದೇಶ ಶಾಲೆಯ ಬಾಗಿಲಿಗೆ ನಿಲ್ಲುತ್ತದೆ. ಸಂಜೆಯ ಒಡೆತನ ತಂದೆತಾಯಿಗಳದು.

ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಭೂಮಿ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವ ಗೃಹಸ್ಥ, ಮಗುವಿನ ಪದಕ ಪ್ರಮಾಣಪತ್ರಗಳಿಗೆ ಮಿತಿಯನ್ನು ಯೋಚಿಸುವುದಿಲ್ಲ. ಪರಿಗ್ರಹದ ಬೇರು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ನೆರೆಮನೆಯ ಮಗು ಮುಂದೆ ಹೋದೀತೆಂಬ ಭಯದಿಂದ ಕಟ್ಟುವ ಶುಲ್ಕವೂ ಆ ಮೂರ್ಛೆಯ ಒಂದು ರೂಪವೇ. ಆದಿನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕಲಿಸಿದನೆಂಬುದು ಪ್ರತಿ ಜೈನ ಮನೆಗೂ ಗೊತ್ತಿರುವ ಕಥೆ. ಅಲ್ಲಿ ಗುರು ಬೇರೆ ಯಾರೂ ಅಲ್ಲ, ತಂದೆಯೇ. ಇಂದಿನ ಮಕ್ಕಳಿಗೆ ಗುರುಗಳು ಏಳು. ತಂದೆಯ ತೊಡೆ ಮಾತ್ರ ದೊರೆಯದು.

ಸಮಾಜದ ಸಂಸ್ಥೆಗಳೂ ಹೊಣೆ ಹೊರಬೇಕು. ಪಾಠಶಾಲೆಯನ್ನು ಏಳನೆಯ ತರಗತಿಯಾಗಿಸಿ, ಸ್ತೋತ್ರಪಠನವನ್ನು ಬಹುಮಾನದ ಸ್ಪರ್ಧೆಯಾಗಿಸಿದರೆ ಧರ್ಮವೂ ಹೊರೆಯಾಗುತ್ತದೆ. ಪರೀಕ್ಷೆಯಿಲ್ಲದ, ಆಟವುಳ್ಳ, ತಂದೆತಾಯಿಗಳೂ ಜೊತೆಗೆ ಕೂರುವ ಪಾಠಶಾಲೆ ಸುಧಾರಣೆಯ ಮೊದಲ ಹೆಜ್ಜೆಯಾದೀತು.

ಹಾಗಾದರೆ ಎಷ್ಟು ಸಾಕು? ದೇಹಕ್ಕೊಂದು, ಮಗು ತಾನಾಗಿ ಆರಿಸಿಕೊಂಡದ್ದು ಇನ್ನೊಂದು. ವಾರದಲ್ಲಿ ಮೂರು ಸಂಜೆಯಾದರೂ ಬಿಡುವು. ಹೊಸದನ್ನು ಸೇರಿಸುವ ಮುನ್ನ ಹಳೆಯದೊಂದನ್ನು ಬಿಡುವ ನಿಯಮ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯಕ್ಕೆ ಮೀಸಲು. ಅಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮಾತನ್ನು ಕೇಳಿ, ವೇಳಾಪಟ್ಟಿಯಿಂದ ಒಂದು ಸಾಲನ್ನು ಅಳಿಸುವುದು ಗೃಹಸ್ಥರಿಗೆ ಸಾಧ್ಯವಾದ ತ್ಯಾಗ.