ಆಟಗಾರನ ವಿಶ್ರಾಂತಿ ಯಾರ ಹೊಣೆ?

ಫ್ರಾನ್ಸ್‌ನ ರಗ್ಬಿ ಆಟಗಾರ ಆಂತ್ವಾನ್ ದ್ಯುಪಾಂ ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. 2021ರಲ್ಲಿ ವಿಶ್ವದ ಶ್ರೇಷ್ಠ ಆಟಗಾರನೆಂಬ ಗೌರವ ಅವರಿಗೆ ಸಂದಿತು. 2022ರಲ್ಲಿ ಅವರ ನಾಯಕತ್ವದ ತಂಡ ಯೂರೋಪಿನ ‘ಸಿಕ್ಸ್ ನೇಷನ್ಸ್’ ಟೂರ್ನಿಯ ಐದೂ ಪಂದ್ಯಗಳನ್ನು ಗೆದ್ದಿತು. ಆದರೆ ಅವರ ಕ್ರೀಡಾಬದುಕು ಕೇಳುವ ಪ್ರಶ್ನೆ ಬೇರೆ: ಒಂದು ದೇಹಕ್ಕೆ ಇಷ್ಟು ಆಟ ಸಾಕೆಂದು ಹೇಳಬೇಕಾದವರು ಯಾರು?

2023ರ ಸೆಪ್ಟೆಂಬರ್ 21ರಂದು ಮಾರ್ಸೇ ನಗರದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಫ್ರಾನ್ಸ್ ತಂಡ ನಮೀಬಿಯಾವನ್ನು 96–0 ಅಂತರದಿಂದ ಮಣಿಸಿತು. ಗೆಲುವು ನಿಶ್ಚಿತವಾದ ಮೇಲೂ ಕಣದಲ್ಲಿದ್ದ ದ್ಯುಪಾಂ ಅವರ ಕೆನ್ನೆಯ ಮೂಳೆ ಉತ್ತರಾರ್ಧದಲ್ಲಿ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 24 ದಿನಗಳಲ್ಲೇ ಅವರು ದಕ್ಷಿಣ ಆಫ್ರಿಕಾ ವಿರುದ್ಧದ ಕ್ವಾರ್ಟರ್ ಫೈನಲ್‌ಗೆ ಮರಳಿದರು. ಫ್ರಾನ್ಸ್ 28–29ರಿಂದ ಸೋತಿತು.

ಮರುವರ್ಷ ಅವರು ಸಿಕ್ಸ್ ನೇಷನ್ಸ್ ಟೂರ್ನಿಯನ್ನು ಬಿಟ್ಟು, ಒಲಿಂಪಿಕ್ಸ್‌ಗಾಗಿ ಏಳು ಮಂದಿಯ ರಗ್ಬಿಯನ್ನು ಆಯ್ದುಕೊಂಡರು. ಇದನ್ನು ಆಟಗಾರನ ಸ್ವಾತಂತ್ರ್ಯವೆಂದು ಹಲವರು ಕೊಂಡಾಡಿದರು. ನನಗೆ ಹಾಗೆ ತೋರುವುದಿಲ್ಲ. 2024ರ ಜೂನ್ 28ರಂದು ಅವರ ಕ್ಲಬ್ ಟುಲೂಸ್, ಫ್ರೆಂಚ್ ಲೀಗ್‌ನ ಫೈನಲ್‌ನಲ್ಲಿ ಬೋರ್ಡೋ ತಂಡವನ್ನು 59–3ರಿಂದ ಸೋಲಿಸಿತು. ಜುಲೈ 27ರಂದು ಫಿಜಿಯನ್ನು 28–7ರಿಂದ ಮಣಿಸಿ ಫ್ರಾನ್ಸ್ ಒಲಿಂಪಿಕ್ ಚಿನ್ನ ಗೆದ್ದಿತು. ದ್ಯುಪಾಂ ಅವರಿಗೆ ದಕ್ಕಿದ್ದು ಟೂರ್ನಿಯನ್ನು ಆರಿಸಿಕೊಳ್ಳುವ ಅವಕಾಶವೇ ಹೊರತು ವಿಶ್ರಾಂತಿಯಲ್ಲ. ಆ ಅವಕಾಶವೂ ಸಾಮಾನ್ಯ ಆಟಗಾರನಿಗೆ ಎಟಕುವಂಥದ್ದಲ್ಲ.

2025ರ ಮಾರ್ಚ್ 8ರಂದು ಡಬ್ಲಿನ್‌ನಲ್ಲಿ ಅವರ ಬಲಮಂಡಿಯ ಅಸ್ಥಿರಜ್ಜು ಹರಿಯಿತು. 2018ರಲ್ಲೂ ಹರಿದದ್ದು ಇದೇ ಮಂಡಿಯದು. ಅವರು ಕಣಕ್ಕೆ ಮರಳಿದ್ದು ನವೆಂಬರ್ ಅಂತ್ಯದಲ್ಲಿ.

ಮೈಗೆ ಮೈ ತಾಗುವ ಆಟದಲ್ಲಿ ಗಾಯ ಸಹಜ, ಮರಳಿ ಆಡುವ ಹಂಬಲ ಆಟಗಾರನದೇ ಎಂಬ ವಾದವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಪೆಟ್ಟು ಆಕಸ್ಮಿಕ, ನಿಜ. ಆದರೆ ಪೆಟ್ಟಿಗೆ ಮೈಯೊಡ್ಡಿ ನಿಲ್ಲುವ ಅವಧಿ ಆಕಸ್ಮಿಕವಲ್ಲ. ಅದನ್ನು ಗೊತ್ತುಮಾಡುವುದು ವೇಳಾಪಟ್ಟಿ. ಫ್ರೆಂಚ್ ಲೀಗ್‌ನಲ್ಲಿ ಪ್ರತಿ ತಂಡಕ್ಕೂ 26 ಪಂದ್ಯಗಳಿವೆ. ಅದರ ಮೇಲೆ ಯೂರೋಪಿಯನ್ ಕಪ್, ರಾಷ್ಟ್ರೀಯ ತಂಡದ ಕರೆ. ಕ್ಲಬ್‌ಗೂ ದೇಶಕ್ಕೂ ಗೆಲುವು ಬೇಕು. ಆಟಗಾರನಿಗೂ ಬೇಕು. ಹೀಗಿರುವಾಗ ‘ಸಾಕು’ ಎನ್ನುವವರು ಯಾರೂ ಉಳಿಯುವುದಿಲ್ಲ.

ತಲೆಗೆ ಪೆಟ್ಟು ಬಿದ್ದ ಶಂಕೆ ಮೂಡಿದರೆ ಆಟಗಾರನನ್ನು ಹೊರಗೆ ಕರೆಸುವ ಅಧಿಕಾರ ಉನ್ನತ ಮಟ್ಟದ ರಗ್ಬಿಯಲ್ಲಿ ಸ್ವತಂತ್ರ ವೈದ್ಯರಿಗೆ ಈಗಾಗಲೇ ಇದೆ. ವರ್ಷದ ಒಟ್ಟು ಆಟಕ್ಕೂ ಅಂಥದೇ ನಿಷ್ಪಕ್ಷಪಾತ ಅಂಕುಶ ಅಗತ್ಯ. ತಾರೆಯ ವರ್ಚಸ್ಸಿನಿಂದಷ್ಟೇ ಸಿಗುವ ಬಿಡುವನ್ನು ಹಕ್ಕೆಂದು ಕರೆಯಲಾಗದು.