ಗಾಳದವರೇ, ಗ್ರಾಮಸಭೆಗೆ ಬನ್ನಿ

ಕೆರೆ ಏರಿಯ ಮೇಲೆ ಬೋರ್ಡು ನಿಂತಿದೆ: ಇಲ್ಲಿ ಮೀನು ಹಿಡಿಯುವಂತಿಲ್ಲ, ಹಿಡಿದರೆ ಕ್ರಮ. ಅಲ್ಲಿಂದ ಕೂಗಳತೆಯಲ್ಲಿ ರಾಜಕಾಲುವೆ ಬಂದು ಕೆರೆಗೆ ಬೀಳುತ್ತದೆ. ಕಾರ್ಖಾನೆಯ ನೀರೋ, ಊರಿನ ಶೌಚದ ನೀರೋ, ಎರಡೂ ಬೆರೆತದ್ದೋ, ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ. ಅಲ್ಲಿ ಯಾವ ಬೋರ್ಡೂ ಇಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಕಡೆ ಹೊರಟರೂ ಇಂಥದ್ದೊಂದು ಕೆರೆ ಸಿಗದೆ ಇರದು. ಒಂದು ಬಿದಿರು ಗಳು, ಒಂದಷ್ಟು ತಂಗೂಸಿ ದಾರ, ಡಬ್ಬಿಯಲ್ಲಿ ನಾಲ್ಕು ಎರೆಹುಳ ಹಿಡಿದು ಬಂದ ಹುಡುಗನನ್ನು ಓಡಿಸಲು ಆಳಿದ್ದಾನೆ. ಕತ್ತಲಲ್ಲಿ ಟ್ಯಾಂಕರ್ ತಂದು ಸುರಿದು ಹೋಗುವವನನ್ನು ಏನಪ್ಪ ಇದು ಎಂದು ಕೇಳುವವರಿಲ್ಲ.

ಗಾಳ ಹಾಕುವವರೇ, ನಾನು ಬರೆಯುತ್ತಿರುವುದು ನಿಮಗೆ. ಭಾನುವಾರ ಬೆಂಗಳೂರಿನಿಂದ ರಾಡು, ರೀಲು ಬೈಕಿಗೆ ಕಟ್ಟಿಕೊಂಡು ಬರುವವರಿಗೂ ಸರಿ, ದನ ಮೇಯಲು ಬಿಟ್ಟು ತೂಬಿನ ಕಲ್ಲಿನ ಮೇಲೆ ಕುಳಿತು ಬೆಂಡನ್ನೇ ನೋಡುವ ಊರಿನವರಿಗೂ ಸರಿ. ನೀವು ಹೊಟ್ಟೆಪಾಡಿಗೆ ಮೀನು ಹಿಡಿಯುವವರಲ್ಲ, ಖುಷಿಗೆ ಹಿಡಿಯುವವರು. ಅದಕ್ಕೇ ನಿಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮೀನುಗಾರಿಕೆ ಇಲಾಖೆಯ ಕಡತದಲ್ಲಿ ಕೆರೆಯೆಂದರೆ ಇಷ್ಟು ಹೆಕ್ಟೇರು, ಇಷ್ಟು ಬಿತ್ತನೆ ಮರಿ, ಇಷ್ಟು ಗುತ್ತಿಗೆ ಹಣ. ಪಂಚಾಯಿತಿಗೆ ಅದು ಹರಾಜಿನ ಆದಾಯ. ಕೆರೆ ಅಭಿವೃದ್ಧಿ ಎಂದು ಬರುವವರ ನಕ್ಷೆಯಲ್ಲಿ ಬೇಲಿ, ವಾಕಿಂಗ್ ಪಾತ್, ದೀಪದ ಕಂಬ. ಗಾಳದವನಿಗೆ ಇದ್ಯಾವುದರಲ್ಲೂ ಜಾಗವಿಲ್ಲ. ಅದರಿಂದ ನಿಮ್ಮೊಬ್ಬರ ಭಾನುವಾರ ಮಾತ್ರ ಹಾಳಾಗುವಂತಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನೀವಿಲ್ಲದ ಕೆರೆಗೆ ಸಾಕ್ಷಿಯೇ ಇಲ್ಲವಾಗುತ್ತದೆ.

ಕೆರೆಯ ಕಾಯಿಲೆ ಕಾಣುವುದು ಬೆಳಗಿನ ಜಾವ. ಒಳಚರಂಡಿಯ ನೀರು ಸೇರಿದ ಕೆರೆಯಲ್ಲಿ ಪಾಚಿ ಕೊಬ್ಬುತ್ತದೆ. ಹಗಲಲ್ಲಿ ಬಿಸಿಲು ಬಿದ್ದಾಗ ಅದು ಆಮ್ಲಜನಕ ಬಿಡುತ್ತದೆ, ನೀರು ಚೆನ್ನಾಗಿಯೇ ಇದೆ ಅನಿಸುತ್ತದೆ. ಕತ್ತಲಾದ ಮೇಲೆ ಅದೇ ಪಾಚಿಯೂ ತಳದ ಕೊಳೆಯೂ ಸೇರಿ ಇರುವ ಆಮ್ಲಜನಕವನ್ನೆಲ್ಲ ಹೀರುತ್ತವೆ. ಸೂರ್ಯ ಹುಟ್ಟುವ ಮುಂಚಿನ ಆ ಒಂದು ಗಂಟೆಯಲ್ಲಿ ನೀರಿಗೆ ಉಸಿರೇ ಇರುವುದಿಲ್ಲ. ಆಗ ಕಾಟ್ಲಾ, ರೋಹು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ನೀರಿನ ಮೇಲೆಲ್ಲ ಸಣ್ಣ ಸಣ್ಣ ಉಂಗುರ, ಮಳೆಯ ಮೊದಲ ಹನಿ ಬಿದ್ದ ಹಾಗೆ. ಹೊಸಬರು ಅದನ್ನು ನೋಡಿ, ಆಹಾ ಎಷ್ಟೊಂದು ಮೀನು ಎನ್ನುತ್ತಾರೆ. ಗಳು ಹಿಡಿದು ಕೂತವನಿಗೆ ಗೊತ್ತು, ಬೆಂಡು ಅಲುಗುತ್ತಿಲ್ಲ. ಎರೆ ಕಚ್ಚುವಷ್ಟೂ ತ್ರಾಣ ಆ ಮೀನಿಗಿಲ್ಲ. ಹೊತ್ತೇರಿ ಹನ್ನೊಂದಕ್ಕೆ ಯಾರಾದರೂ ಬಂದು ಬಾಟಲಿ ಮುಳುಗಿಸಿ ಮಾದರಿ ಒಯ್ದರೆ ಅಂಕಿ ಬೇರೆಯೇ ಹೇಳುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ವರ್ಗ ಮಾಡಿದೆ. ಮೀನು, ವನ್ಯಜೀವಿ ಬದುಕಬೇಕಾದರೆ ಅದು ‘ಡಿ’ ವರ್ಗವಾದರೂ ಇರಬೇಕು: ಲೀಟರಿಗೆ 4 ಮಿಲಿಗ್ರಾಂಗೆ ಕಡಿಮೆಯಿಲ್ಲದ ಕರಗಿದ ಆಮ್ಲಜನಕ, 1.2 ಮಿಲಿಗ್ರಾಂ ಮೀರದ ಅಮೋನಿಯಾ, ಪಿಎಚ್ 6.5ರಿಂದ 8.5. ಅದರ ಕೆಳಗಿನ ‘ಇ’ ವರ್ಗದ ನೀರು ಹೊಲಕ್ಕೆ ಬಿಡಲು, ಕಾರ್ಖಾನೆಯ ಯಂತ್ರ ತಂಪು ಮಾಡಲು. ಈ ಅಂಕಿಗಳು ಬಾಯಿಪಾಠವಾಗಲಿ. ಅಂಕಿ ನೆನಪಾಗದವರಿಗೆ ಗಾಳವೇ ಹೇಳುತ್ತದೆ. ಕೊರಮೀನು, ಚೇಳುಮೀನು ನೀರಿನ ಮೇಲೆ ಬಂದು ಗಾಳಿ ಕುಡಿದು ಬದುಕಬಲ್ಲವು, ಜಿಲೇಬಿ ಎಂಥ ನೀರಿಗೂ ಒಗ್ಗುತ್ತದೆ. ಮೊದಲು ಪಕ್ಕೆ ಮಾಯವಾಗಿ, ಆಮೇಲೆ ಗೆಂಡೆಯೂ ಕಡಿಮೆಯಾಗಿ, ಎಸೆದಾಗಲೆಲ್ಲ ಜಿಲೇಬಿಯೇ ಬರತೊಡಗಿದರೆ ಆ ಕೆರೆ ಕೆಟ್ಟಿದೆ ಎಂದೇ ತಿಳಿಯಿರಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗ ಊರೆಲ್ಲ ಮೂಗು ಮುಚ್ಚಿಕೊಂಡು ಬೆಚ್ಚಿಬಿದ್ದಿತು. ಕೆರೆ ಕೆಟ್ಟಿದ್ದು ಆ ಬೆಳಿಗ್ಗೆಯಲ್ಲ.

ಅರ್ಕಾವತಿಯನ್ನೇ ನೋಡಿ. ನಂದಿಬೆಟ್ಟದ ಬಳಿ ಹುಟ್ಟಿ, ದೊಡ್ಡಬಳ್ಳಾಪುರದ ನಾಗರಕೆರೆ ಹಾದು, ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಇಳಿಯುವ ನದಿ ಅದು. ಬೆಂಗಳೂರಿಗೆ ನಲ್ಲಿ ನೀರು ಕುಡಿಸಿದ್ದೇ ಅದು: ಮೊದಲು 1894ರಲ್ಲಿ ಹೆಸರಘಟ್ಟದಿಂದ, ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಇವತ್ತು ಅದರ ದಾರಿಯಲ್ಲಿರುವ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರೂ ಬಾಶೆಟ್ಟಿಹಳ್ಳಿ ಕಡೆಯ ಕೈಗಾರಿಕೆಗಳ ನೀರೂ ಸೇರುತ್ತಿವೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಟ್ಟಲೆ ಬೀದಿಗಿಳಿದು ಕೂಗುತ್ತಿದ್ದಾರೆ. ಅವರ ಕೊಳವೆಬಾವಿಗೆ ಇಳಿಯುವುದೂ ಅದೇ ನೀರು. ದೇವನಹಳ್ಳಿ ಕಡೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ ಹರಿಸುತ್ತಾರೆ. ಮೂರನೇ ಹಂತವೂ ಬೇಕು ಎಂದು ಈ ಸೀಮೆಯ ನೀರಾವರಿ ಹೋರಾಟಗಾರರು ಗಂಟಲು ಹರಿದುಕೊಂಡಿದ್ದಾರೆ. ಆ ಧರಣಿಗಳಲ್ಲಿ ರೈತರಿದ್ದರು, ಹೆಂಗಸರಿದ್ದರು. ಗಾಳದವರು ಎಲ್ಲಿದ್ದಿರಿ? ಈ ಕೆರೆ ಕೆಟ್ಟಿತೆಂದು ಮುಂದಿನ ಕೆರೆ ಹುಡುಕಿಕೊಂಡು ಹೊರಟಿರಿ.

ಸಮುದ್ರದಾಚೆಯ ಒಂದು ಮೊಕದ್ದಮೆ ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಡರ್ಬಿ ಪಟ್ಟಣದ ಬಳಿ ಡರ್ವೆಂಟ್ ಎಂಬ ನದಿ. ಅಲ್ಲಿನ ಒಂದು ಗಾಳಗಾರರ ಸಂಘಕ್ಕೆ, ‘ಪ್ರೈಡ್ ಆಫ್ ಡರ್ಬಿ’ ಅದರ ಹೆಸರು, ಆ ನದಿಯಲ್ಲಿ ಮೀನು ಹಿಡಿಯುವ ಹಕ್ಕು ಕಾಗದದ ಮೇಲಿತ್ತು. ಕೃತಕ ರೇಷ್ಮೆ ಮಾಡುವ ಬ್ರಿಟಿಷ್ ಸೆಲನೀಸ್ ಕಂಪನಿಯ ತ್ಯಾಜ್ಯ, ಡರ್ಬಿ ನಗರಸಭೆಯ ಒಳಚರಂಡಿ, ವಿದ್ಯುತ್ ಸ್ಥಾವರದ ಬಿಸಿನೀರು, ಮೂರೂ ಸೇರಿ ಮೀನು ಸತ್ತವು. ಸಂಘ ಮೂವರನ್ನೂ ಕೋರ್ಟಿಗೆಳೆಯಿತು. ನಗರಸಭೆಯ ವಾದ ಕೇಳಿದರೆ ನಮ್ಮೂರಿನ ಆಯುಕ್ತರೇ ಎದ್ದು ನಿಂತು ಮಾತಾಡಿದ ಹಾಗಿದೆ: ಘಟಕ ಕಟ್ಟಿದಾಗ ಸಾಕಾಗಿತ್ತು, ಜನಸಂಖ್ಯೆ ಏರಿತು, ನಾವೇನು ಮಾಡೋಣ? 1952ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸಬೂಬನ್ನು ಒಪ್ಪಲಿಲ್ಲ. ಸರಿಪಡಿಸಲು ಕಾಲಾವಕಾಶ ಕೊಟ್ಟಿತು, ಆದರೆ ನದಿಗೆ ಕೊಳೆ ಬಿಡಕೂಡದೆಂಬ ಆಜ್ಞೆ ಉಳಿಯಿತು. ಖುಷಿಗೆ ಮೀನು ಹಿಡಿಯುವ ಕೆಲವು ಜನ ಒಂದು ನಗರಸಭೆಯನ್ನೂ ದೊಡ್ಡ ಕಾರ್ಖಾನೆಯನ್ನೂ ಬಗ್ಗಿಸಿದರು. ಗೆಲ್ಲಿಸಿದ್ದು ಅವರ ಕೈಯಲ್ಲಿದ್ದ ಆ ಹಕ್ಕಿನ ಕಾಗದ.

ನಮ್ಮಲ್ಲಿ ಅಂಥ ಕಾಗದವಿಲ್ಲದಿದ್ದರೂ ದಾರಿಯಿದೆ. 2010ರ ಕಾಯ್ದೆಯ ಪ್ರಕಾರ ನೊಂದ ಯಾರಾದರೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ದಕ್ಷಿಣ ಪೀಠ ಚೆನ್ನೈನಲ್ಲಿದೆ. ಕೆರೆ, ಕುಂಟೆ ಸಮುದಾಯದ ಸಂಪತ್ತು, ಅದನ್ನು ಉಳಿಸಬೇಕು ಎಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿದೆ. ಕೊರತೆ ಇರುವುದು ದಿನಾಂಕ, ಹೊತ್ತು, ಫೋಟೊ ಸಮೇತ ಪುರಾವೆ ಇಟ್ಟುಕೊಂಡವರದು. ಬೆಳಗಿನ ಐದೂವರೆಗೆ ಕೆರೆ ದಡದಲ್ಲಿ ಕೂತಿರುವ ನಿಮ್ಮನ್ನು ಬಿಟ್ಟರೆ ಅದನ್ನು ಇನ್ಯಾರು ಕೊಡುತ್ತಾರೆ?

ಕಾವೇರಿಯಲ್ಲಿ ಏನಾಯಿತೆಂಬುದನ್ನು ಹಳಬರು ಬಲ್ಲರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಬಿಳಿಮೀನಿಗೆ ಗಾಳ ಹಾಕಲು ದೇಶ ವಿದೇಶದವರು ಬರುತ್ತಿದ್ದರು, ಹಿಡಿದದ್ದನ್ನು ತೂಗಿ ನದಿಗೇ ಬಿಡುತ್ತಿದ್ದರು. ಸುತ್ತಲ ಹಳ್ಳಿಯವರಿಗೆ ಅಲ್ಲಿ ಗೈಡಿನ ಕೆಲಸ, ಕಾವಲಿನ ಕೆಲಸ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನ ಮೇಲೆ ಕಳೆದ ದಶಕದ ಆರಂಭದ ಹೊತ್ತಿಗೆ ಅದು ನಿಂತಿತು. ಗಾಳದವರು ಹೋದ ಮೇಲೆ ಡೈನಮೈಟಿನವರಿಗೆ ಹಬ್ಬವಾಯಿತು ಎಂದು ಗಾಳದ ಪರವಾಗಿ ವಾದಿಸುವವರು ಇಂದಿಗೂ ಹೇಳುತ್ತಾರೆ. ಕಾವೇರಿಯ ಡುಬ್ಬದ ಬಿಳಿಮೀನು 2018ರಲ್ಲಿ ಅಳಿವಿನ ಅಂಚಿನ, ಅದರಲ್ಲೂ ಅತಿ ಗಂಭೀರ ಎನ್ನುವ ಪಟ್ಟಿಗೆ ಸೇರಿತು. ಅಷ್ಟು ಅಪರೂಪವಾದ ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ ಖುಷಿಪಡುವುದು ಸರಿಯೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಬಾಗಿಲು ಹಾಕಿದ ಸರ್ಕಾರ, ಅಲ್ಲಿ ದಿನವೂ ಇರುತ್ತಿದ್ದ ಕಣ್ಣುಗಳಿಗೆ ಬದಲಾಗಿ ಏನಿಟ್ಟಿತು ಎಂದು ಕೇಳುವುದೂ ಸರಿಯೇ. ನಿಷೇಧ ಸುಲಭ. ಒಂದು ಸುತ್ತೋಲೆ, ಒಂದು ಬೋರ್ಡು.

ಗುತ್ತಿಗೆದಾರನ ಮಾತನ್ನೂ ಕೇಳಿ. ಬೆಸ್ತರ, ಗಂಗಾಮತಸ್ಥರ ಸಹಕಾರ ಸಂಘದವರು ಸಾಲ ಮಾಡಿ ಮರಿ ಬಿಟ್ಟಿರುತ್ತಾರೆ. ಹತ್ತು ಹುಡುಗರು ಹತ್ತು ಗಾಳ ಹಾಕಿ ಎರಡು ಕೆಜಿ ಕಾಟ್ಲಾ ಎಳೆದುಕೊಂಡು ಹೋದರೆ ಅವರ ಪಾಲಿಗೆ ಅದು ಕಳ್ಳತನ. ಅವರ ಅನ್ನಕ್ಕೆ ಕೈಹಾಕಿ ನಮ್ಮ ಖುಷಿ ಸಾಧಿಸುವುದು ಬೇಡ. ಆದರೆ ಪಕ್ಕೆ, ಕೊರಮೀನು, ಚೇಳುಮೀನು ಸಾಮಾನ್ಯವಾಗಿ ಅವರು ಬಿಟ್ಟ ಮರಿಯಲ್ಲ, ಕೆರೆಯವೇ. ಒಬ್ಬರಿಗೆ ಒಂದೇ ಗಾಳ, ಒಂದು ದಡ, ವಾರದಲ್ಲಿ ಗೊತ್ತಾದ ದಿನ, ದಿನಕ್ಕಿಷ್ಟು ಎಂದು ಸಂಘಕ್ಕೇ ಕಟ್ಟುವ ಚೀಟಿ, ಮುಂಗಾರಿನಲ್ಲಿ ಮೊಟ್ಟೆಯಿಡುವ ಕಾಲಕ್ಕೆ ರಜೆ: ಇಷ್ಟನ್ನು ಗುತ್ತಿಗೆಯ ಕರಾರಿನಲ್ಲೇ ಬರೆದುಬಿಟ್ಟರೆ ಜಗಳ ಅರ್ಧ ಮುಗಿಯುತ್ತದೆ. ನೀರು ಕೆಟ್ಟಾಗ ಮೊದಲು ಮುಳುಗುವವನೂ ಗುತ್ತಿಗೆದಾರನೇ. ಅವನೂ ನೀವೂ ಎದುರಾಳಿಗಳಾಗಿ ಉಳಿದಷ್ಟು ದಿನ ಪೈಪು ಬಿಟ್ಟವನಿಗೆ ನೆಮ್ಮದಿ.

ನಿಮ್ಮ ಮನೆಯನ್ನೂ ಸ್ವಲ್ಪ ಗುಡಿಸಿಕೊಳ್ಳಿ. ತುಂಡಾದ ದಾರವನ್ನು ದಡದ ಜೊಂಡಿನಲ್ಲಿ ಬಿಟ್ಟು ಬರುವವರು ನೀವೇ. ಅದು ಕಾಲಿಗೆ ಸುತ್ತಿಕೊಂಡ ಕೊಕ್ಕರೆ ಒದ್ದಾಡಿ ಸಾಯುವುದನ್ನು ನೋಡಿದವರು ಮತ್ತೆ ದಾರ ಎಸೆಯಲಾರರು. ಬಿಯರ್ ಬಾಟಲಿಯ ವಿಷಯ ಬಿಡಿ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧವಾಗಿ ವರ್ಷಗಳಾದರೂ ಹೊಸಕೋಟೆ ಸುತ್ತಮುತ್ತ ಕೋಳಿ ಅಂಗಡಿಯ ತ್ಯಾಜ್ಯ ತಿನ್ನಿಸಿ ಸಾಕುವ ಹೊಂಡಗಳ ಸುದ್ದಿ ಬರುತ್ತಲೇ ಇರುತ್ತದೆ. ಮಳೆಗೆ ಹೊಂಡ ತುಂಬಿ ಹರಿದರೆ ಅದು ಕೆರೆಗೆ ಇಳಿದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಗಾಳಕ್ಕೆ ಸಿಕ್ಕರೆ ದೊಡ್ಡ ಮೀನೆಂದು ಫೋಟೊ ತೆಗೆದು ದಯೆ ತೋರಿ ನೀರಿಗೆ ಬಿಡುತ್ತೀರಲ್ಲ, ಬಿಡಬೇಡಿ. ಅದು ಸಿಕ್ಕ ಜಾಗವನ್ನು ಮೀನುಗಾರಿಕೆ ಇಲಾಖೆಗೆ ಬರೆದು ತಿಳಿಸಿ.

ಇನ್ನು ಸರ್ಕಾರ. 2025ರ ಜುಲೈನಲ್ಲಿ ನಂದಿಬೆಟ್ಟದ ಮೇಲೆ ಸಂಪುಟ ಸಭೆ ನಡೆಸಿ ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ತೀರ್ಮಾನಿಸಿದರು. ಅರ್ಕಾವತಿಯ ತಲೆಯ ಮೇಲೆಯೇ ಕೂತು ಮಾಡಿದ ಸಭೆ. ಮರು ತಿಂಗಳೇ ವಿಧಾನಮಂಡಲದಲ್ಲಿ ಕೆರೆ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಮಸೂದೆ ಪಾಸಾಯಿತು. ಎಲ್ಲ ಕೆರೆಗೂ 30 ಮೀಟರ್ ಇದ್ದ ಮೀಸಲು ಅಂಚು ಆ ಮಸೂದೆಯಲ್ಲಿ ಕೆರೆಯ ಅಳತೆಗೆ ತಕ್ಕಂತೆ: ಎಕರೆಯೊಳಗಿನ ಸಣ್ಣ ಕೆರೆಗೆ 3 ಮೀಟರ್, ಹತ್ತು ಎಕರೆಯವರೆಗೆ 6 ಮೀಟರ್, ಐದು ಗುಂಟೆಯ ಕುಂಟೆಗೆ ಏನೂ ಇಲ್ಲ. ಕುಂಟೆಯಲ್ಲಿ ಎಂಥ ಮೀನು ಎಂದೀರಿ, ಕೆರೆಯ ಅಂಚನ್ನೇ ನೋಡಿ. ಮೊದಲ ಮಳೆಗೆ ಮೀನು ಹತ್ತಿ ಬಂದು ಮೊಟ್ಟೆಯಿಡುವುದು ಕೆರೆ ಅಂಚಿನ ಆ ತೆಳು ನೀರಿನಲ್ಲಿ, ಹುಲ್ಲಿನಲ್ಲಿ, ಕಾಲುವೆಯ ಬಾಯಲ್ಲಿ. ಅಲ್ಲಿ ಕಾಂಪೌಂಡು ಎದ್ದರೆ ನಡುನೀರು ಎಷ್ಟು ಆಳವಿದ್ದರೇನು?

ಆಗುವುದಿಲ್ಲ ಬಿಡಿ ಎನ್ನುವವರು ದೇವನಹಳ್ಳಿಯ ಚನ್ನರಾಯಪಟ್ಟಣಕ್ಕೆ ಹೋಗಿ ಬರಲಿ. 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಕೂತರು, ಲಾಠಿಯೇಟು ತಿಂದರು, 2025ರ ಜುಲೈ 15ರಂದು ಮುಖ್ಯಮಂತ್ರಿಯ ಬಾಯಿಂದಲೇ ಕೈಬಿಟ್ಟೆವೆಂಬ ಮಾತು ಹೊರಡಿಸಿದರು. ಅವರಿಗಿಂತ ನಿಮ್ಮ ಕೆಲಸ ಹಗುರ. ಕೂತು ಕಾಯುವ ಅಭ್ಯಾಸ ಹೇಗೂ ಇದೆ.

ಸಂವಿಧಾನದ 11ನೇ ಅನುಸೂಚಿ ಮೀನುಗಾರಿಕೆಯನ್ನೂ ಸಣ್ಣ ನೀರಾವರಿಯನ್ನೂ ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಕಡ್ಡಿ ರಾಡು ಮನೆಯಲ್ಲಿಟ್ಟು ಆ ದಿನ ಬನ್ನಿ. ಊರಿನವರು ಮಾತಾಡಲಿ, ಬೆಂಗಳೂರಿನವರು ಫೋಟೊ, ಪರೀಕ್ಷೆಯ ವರದಿ ತಂದುಕೊಡಲಿ. ಸಹಕಾರ ಸಂಘದವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಕೆರೆ ನೀರನ್ನು ಸೂರ್ಯ ಹುಟ್ಟುವ ಮುಂಚೆ ಪರೀಕ್ಷಿಸಿ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ನೀರು ‘ಡಿ’ ವರ್ಗಕ್ಕೆ ಬರುವವರೆಗೆ ಗುತ್ತಿಗೆ ಹಣವನ್ನು ಸಂಘದಿಂದಲ್ಲ, ಕೊಳೆ ಬಿಟ್ಟವರಿಂದ ವಸೂಲಿ ಮಾಡಲು ಮಾಲಿನ್ಯ ಮಂಡಳಿಗೆ ಬರೆಯಬೇಕು. ಮುಂದಿನ ಕರಾರಿನಲ್ಲಿ ಗಾಳಕ್ಕೊಂದು ದಡ ಬಿಡಬೇಕು. ಈ ಮೂರನ್ನು ಠರಾವು ಮಾಡಿಸಿ. ನೋಡೋಣ, ಮಾಡೋಣ ಎಂದು ಪಿಡಿಒ ಅಂದರೆ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಸೀಲಿರುವ ನಕಲು ಕೈಗೆ ಬಂದ ಮೇಲೆ ಮನೆಗೆ ಹೊರಡಿ.