ಹಳೆಯ ಹೈಬ್ರಿಡ್ ಕಾರು ಮತ್ತು ವರ್ತಕರ ಬರಿದಾದ ಕಪಾಟು

ಹೈಬ್ರಿಡ್ ಕಾರೆಂದರೆ ಮಹಾನಗರದ ಸಿರಿವಂತರ ವಾಹನವೆಂಬ ಭಾವನೆ ನರಗುಂದದಂಥ ಊರುಗಳ ವರ್ತಕರಲ್ಲಿ ಇನ್ನೂ ಇದೆ. ವಾಸ್ತವ ಬೇರೆ. 2015ರಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಸಿಯಾಜ್ ಮತ್ತು ಎರ್ಟಿಗಾ ಡೀಸೆಲ್ ಕಾರುಗಳಿಗೆ ಎಸ್‌ಎಚ್‌ವಿಎಸ್ ಎಂಬ ಅಲ್ಪ ಪ್ರಮಾಣದ ಹೈಬ್ರಿಡ್ ವ್ಯವಸ್ಥೆಯನ್ನು ಅಳವಡಿಸಿತು. ಕೇಂದ್ರದ ಫೇಮ್ ಯೋಜನೆಯ ರಿಯಾಯಿತಿ ಇವಕ್ಕೆ 2017ರವರೆಗೆ ದೊರೆಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಸಂಸ್ಥೆ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಮಾರಾಟವಾದ ಕಾರುಗಳು ಮಾತ್ರ ಎರಡನೆಯ, ಮೂರನೆಯ ಮಾಲೀಕರ ಕೈ ಸೇರಿ, ಯಲ್ಲಮ್ಮನ ಗುಡ್ಡಕ್ಕೂ ಹುಬ್ಬಳ್ಳಿಯ ಆಸ್ಪತ್ರೆಗಳಿಗೂ ಬಾಡಿಗೆಗೆ ಓಡುತ್ತಿವೆ.

ಇವುಗಳ ತೊಡಕು ಸಣ್ಣ ಬಿಡಿಭಾಗಗಳಲ್ಲಿದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಬೆಲ್ಟಿನ ಮೂಲಕ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅಷ್ಟೇ. ಈ ಕಾರುಗಳಲ್ಲಿ ಆ ಸ್ಥಾನದಲ್ಲಿರುವ ಐಎಸ್‌ಜಿ ಯಂತ್ರವು ವಿದ್ಯುತ್ ಉತ್ಪಾದಿಸುವುದಲ್ಲದೆ, ಸಿಗ್ನಲ್‌ನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ, ವೇಗ ಏರಿಸುವಾಗ ನೆರವಾಗುತ್ತದೆ. ಹೀಗಾಗಿ ಬೆಲ್ಟಿನ ಮೇಲೆ ಎರಡೂ ಬಗೆಯ ಎಳೆತ. ಟೆನ್ಷನರ್ ಕೂಡ ಅದಕ್ಕೆ ತಕ್ಕಂತೆ ಬೇರೆ. ಗ್ರಾಹಕ ಬಂದು 'ಎರ್ಟಿಗಾ ಡೀಸೆಲ್ ಬೆಲ್ಟ್' ಎಂದು ಕೇಳುತ್ತಾನೆ. ಅಂಗಡಿಯವರು 2012ರ ಮಾದರಿಯದನ್ನು ಕೊಡುತ್ತಾರೆ. ಕಾರು ಮರಳಿ ಗ್ಯಾರೇಜಿಗೆ ಬರುತ್ತದೆ. ಚಾಸಿ ನಂಬರ್ ಕೇಳುವ ರೂಢಿಯೊಂದಿದ್ದರೆ ಈ ನಷ್ಟದ ಬಹುಪಾಲು ತಪ್ಪುತ್ತಿತ್ತು.

ಹಾಗೆಂದು ವರ್ತಕರನ್ನಷ್ಟೇ ದೂರಿದರೆ ಅನ್ಯಾಯವಾದೀತು. ವರ್ಷಕ್ಕೆ ಎರಡೋ ಮೂರೋ ಮಾರಾಟವಾಗುವ ಟೆನ್ಷನರ್‌ಗಾಗಿ ಯಾರು ಬಂಡವಾಳ ಹೂಡಿ ಕೂಡುತ್ತಾರೆ? 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18 ಆಗಿರುವುದು ಸ್ವಾಗತಾರ್ಹ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಕಪಾಟು ತುಂಬುವುದಿಲ್ಲ.

ಕಾನೂನು ಈ ವಿಷಯದಲ್ಲಿ ವರ್ತಕರಿಗೆ ಪ್ರತಿಕೂಲವಾಗಿಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ದೊರಕಿಸಬೇಕೆಂದು ಆದೇಶಿಸಿತ್ತು. ಸ್ವತಂತ್ರ ಗ್ಯಾರೇಜಿಗೆ ಹೋದ ಕಾರಣಕ್ಕೇ ವಾರಂಟಿ ರದ್ದುಪಡಿಸುವಂತಿಲ್ಲವೆಂದೂ ಹೇಳಿತ್ತು. ತಯಾರಕರು ಮೇಲ್ಮನವಿ ಹೋದರು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ದುರಸ್ತಿ ಹಕ್ಕಿನ ಜಾಲತಾಣದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಒಂದು. ಆದರೂ ಅಲ್ಲಿ ಸಿಗುವುದು ಮಾಹಿತಿಯೇ ಹೊರತು ಬೆಲ್ಟಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ, ಯಂತ್ರಭಾಗಗಳಲ್ಲಿ ನುರಿತ ಕೈಗಳಿವೆ. ಬ್ಯಾಟರಿ ನಿಯಂತ್ರಣದ ಇಲೆಕ್ಟ್ರಾನಿಕ್ ಘಟಕಕ್ಕೆ ಕೈ ಹಾಕುವುದು ಅವಿವೇಕ. ಪುಲ್ಲಿ, ಬುಷ್, ಬ್ರಾಕೆಟ್, ಕ್ಲಿಪ್ಪುಗಳು ಹಾಗಲ್ಲ. ಅಚ್ಚಿನ ವೆಚ್ಚ ಹುಟ್ಟಬೇಕಾದರೆ ಒಂದೂರಿನ ಬೇಡಿಕೆ ಸಾಲದು; ಗದಗ, ಧಾರವಾಡ, ಬಾಗಲಕೋಟೆಗಳ ಬೇಡಿಕೆ ಒಟ್ಟುಗೂಡಬೇಕು. ವಿನ್ಯಾಸ ಕಾಯ್ದೆಯಡಿ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ವಿಸ್ತರಿಸಿದರೆ ಮತ್ತೆ 5 ವರ್ಷ ರಕ್ಷಣೆಯಿರುವುದರಿಂದ, ಅಚ್ಚು ಮಾಡಿಸುವ ಮೊದಲೇ ಅದನ್ನು ಪರಿಶೀಲಿಸಬೇಕು. ತಯಾರಿಸಿದ್ದನ್ನು ಸ್ವಂತ ಹೆಸರಿನಲ್ಲೇ ಮಾರಬೇಕು.

ನಾಲ್ಕು ಊರುಗಳ ಬಿಡಿಭಾಗ ವರ್ತಕರು ತಮ್ಮಲ್ಲಿರುವ ಮತ್ತು ತಮ್ಮಲ್ಲಿ ಕೇಳಿಬಂದ ಭಾಗಗಳ ಸಂಖ್ಯೆಯನ್ನು ತಿಂಗಳಿಗೊಮ್ಮೆ ವಾಣಿಜ್ಯೋದ್ಯಮ ಸಂಸ್ಥೆಗೆ ಬರೆದು ಕಳಿಸಿದರೆ ಪಟ್ಟಿ ಸಿದ್ಧವಾಗುತ್ತದೆ. ಇದಕ್ಕೆ ಸರ್ಕಾರದ ಅನುಮತಿಯೂ ಬೇಡ, ಅನುದಾನವೂ ಬೇಡ.